ಅಟ್ಟದಲ್ಲೊಂದು ಕೋಣೆ

ಮಗನ ಮದುವೆ ಗೊತ್ತಾದ ಮನೆಯಲ್ಲಿ ಮೊದಲ ಚರ್ಚೆ ಛತ್ರದ್ದು, ಎರಡನೆಯದು ಒಡವೆಯದು. ಮೂರನೆಯದು ರಾತ್ರಿ ದೀಪವಾರಿಸಿದ ಮೇಲೆ, ದಂಪತಿಗಳಿಬ್ಬರೇ ಇರುವಾಗ, ತಗ್ಗಿದ ದನಿಯಲ್ಲಿ ನಡೆಯುತ್ತದೆ: ಬರುವ ಸೊಸೆಗೆ ಕೋಣೆ ಯಾವುದು?

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ, ಮೈಸೂರಿನ ಹಳೆಯ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಹಂಚಿನ ಮನೆಗಳವರಿಗೆ ಈ ಪ್ರಶ್ನೆಯ ಉತ್ತರ ತಲೆಯ ಮೇಲೆಯೇ ಇದ್ದಂತೆ ತೋರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ನೇತ್ರಾವತಿಯ ದಡದ ಬಳಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಆ ಕೆಂಪು ಹಂಚು ಘಟ್ಟ ಹತ್ತಿ ಬಂದು ನಗರದ ಮನೆಗಳನ್ನೂ ಹೊದೆಯಿತು. ಹಂಚಿನ ಮಾಡಿಗೆ ಇಳಿಜಾರು ಬೇಕು. ಇಳಿಜಾರಿನ ಕೆಳಗೆ ಅಟ್ಟ ತಾನಾಗಿಯೇ ಒದಗುತ್ತದೆ. ಮನೆಯವರು ಅಲ್ಲಿಗೆ ಕೊಪ್ಪರಿಗೆ, ಹರಿವಾಣ, ಮುರಿದ ತೊಟ್ಟಿಲು, ದಸರಾ ಬೊಂಬೆಯ ಟ್ರಂಕು ಎಲ್ಲವನ್ನೂ ಏರಿಸಿ, ಏಣಿಯನ್ನು ಗೋಡೆಗೊರಗಿಸಿ ಮರೆತುಬಿಡುತ್ತಾರೆ. ಕೋಣೆ ಬೇಕಾದಾಗಲೇ ಅದರ ನೆನಪು.

ಅಂಥದೊಂದು ಮನೆಯ ಯಜಮಾನರು ಟಾರ್ಚು ಹಿಡಿದು ಅಟ್ಟಕ್ಕೆ ಹತ್ತುತ್ತಾರೆ ಎಂದಿಟ್ಟುಕೊಳ್ಳಬಹುದು. ಅಗಲ 24 ಅಡಿ, ಉದ್ದ 20 ಅಡಿ. ಗುಣಿಸಿದರೆ 480 ಚದರಡಿ! ಕೆಳಗಿಳಿಯುವಷ್ಟರಲ್ಲಿ ಅವರ ಮನಸ್ಸಿನಲ್ಲಿ ಮಂಚ, ಬೀರು, ಓದುವ ಮೇಜು, ಎಲ್ಲವೂ ಮೇಲೇರಿ ಕುಳಿತಿವೆ.

ಆದರೆ ಅಟ್ಟವನ್ನು ನೆಲದ ಮೇಲೆ ಅಳೆಯುವುದು ತಪ್ಪು ಲೆಕ್ಕ. ಅದನ್ನು ಅಳೆಯಬೇಕಾದುದು ತಲೆಯ ಮಟ್ಟದಲ್ಲಿ. ಮಾಡಿನ ನೆತ್ತಿ ಅಟ್ಟದ ನೆಲದಿಂದ 8 ಅಡಿ ಮೇಲಿದೆ, ಎರಡೂ ಪಕ್ಕಗಳಲ್ಲಿ ಗೋಡೆಯ ತಲೆಗೆ ಬರುವ ಹೊತ್ತಿಗೆ ಎತ್ತರ ಸೊನ್ನೆಯಾಗುತ್ತದೆ ಎನ್ನೋಣವೆ? ಹಾಗಾದರೆ 7 ಅಡಿ ಎತ್ತರ ದೊರೆಯುವುದು ನಟ್ಟನಡುವೆ 3 ಅಡಿ ಅಗಲದ ಪಟ್ಟಿಯಲ್ಲಿ ಮಾತ್ರ. 4 ಅಡಿ ಎತ್ತರವಾದರೂ ಇರುವ ಭಾಗ 12 ಅಡಿ ಅಗಲ. ಅಂದರೆ 480 ಚದರಡಿಯಲ್ಲಿ ನೆಟ್ಟಗೆ ನಿಂತು ಓಡಾಡಲು 60, ಕುಳಿತು ಮಲಗಲು ಬರುವ ಜಾಗವನ್ನೂ ಸೇರಿಸಿದರೆ 240. ಉಳಿದರ್ಧ ಬೆಕ್ಕಿಗೆ. ನೆಲಕ್ಕೆ ಹಲಗೆ ಹಾಕಿ, ಮಾಡಿನ ಅಡಿಗೆ ಒಳಮುಚ್ಚಿಗೆ ಹೊಡೆದಾಗ ಇದರಲ್ಲಿಯೂ ಕೆಲವು ಅಂಗುಲಗಳು ಕಳೆಯುತ್ತವೆ.

ಇನ್ನು ಮೆಟ್ಟಿಲು. ಹಬ್ಬಕ್ಕೊಮ್ಮೆ ಕೊಪ್ಪರಿಗೆ ಇಳಿಸಲು ಏಣಿ ಸಾಕು. ದಿನವೂ ಹತ್ತಿಳಿಯುವವರಿಗೆ ಸಾಲದು. ಕೆಳಗಿನ ಕೋಣೆ 10 ಅಡಿ ಎತ್ತರವಿದ್ದರೆ, ಏಳೇಳು ಅಂಗುಲದಂತೆ ಹದಿನೇಳು ಸಲ ಕಾಲೆತ್ತಬೇಕು. ಪಾದವೂರಲು ಮೆಟ್ಟಿಲೊಂದಕ್ಕೆ 10 ಅಂಗುಲವಾದರೂ ಬೇಡವೆ? ಹದಿನಾರು ಮೆಟ್ಟಿಲಿಗೆ 13 ಅಡಿ 4 ಅಂಗುಲ ಉದ್ದವಾಯಿತು. 3 ಅಡಿ ಅಗಲವೆಂದರೆ ಕೆಳಗಿನ ಮನೆಯಲ್ಲಿ 40 ಚದರಡಿ ಹೋಯಿತು. ನಿಲ್ಲಲು 60 ಚದರಡಿ ಪಡೆಯುವುದಕ್ಕೆ ನಡುಮನೆಯ 40 ಚದರಡಿಯನ್ನು ಕೊಡಬೇಕಾದ ಈ ವ್ಯಾಪಾರವನ್ನು ಮನೆಯೊಡತಿ ಕಾಗದದ ಮೇಲೆ ನೋಡಿದ ಕೂಡಲೇ ಗ್ರಹಿಸುತ್ತಾಳೆ. ಯಜಮಾನರಿಗೆ ಎರಡು ದಿನ ಬೇಕಾಗುತ್ತದೆ.

ಆ ಎರಡು ದಿನಗಳಲ್ಲಿಯೇ ಬಡಗಿ ಬಂದು ಹೋಗುವುದು. ಆತ ಅನುಭವಸ್ಥ. ಅಟ್ಟದಲ್ಲಿ ಎದೆಯ ಮಟ್ಟಕ್ಕೆ, ಮಾಡಿನ ಈ ಪಕ್ಕದಿಂದ ಆ ಪಕ್ಕಕ್ಕೆ ಹಾಯ್ದಿರುವ ಅಡ್ಡತೊಲೆಯನ್ನು ತಟ್ಟಿ ನೋಡುತ್ತಾನೆ.

“ಇದೊಂದೇ ಸ್ವಾಮಿ ತೊಡಕು. ಕೊಯ್ದುಬಿಟ್ಟರೆ ಸಲೀಸಾಗಿ ಓಡಾಡಬಹುದು.”

“ಏನೂ ಆಗುವುದಿಲ್ಲವೇ ಆಚಾರ್ರೇ?”

“ಮೇಲೆ ಭಾರವೇನಿದೆ ಸ್ವಾಮಿ? ಬರೀ ಹಂಚು.”

ಬರೀ ಹಂಚು ಒಂದೊಂದೂ ಎರಡು ಕಿಲೋಗ್ರಾಂ ಮೀರಿ ತೂಗುತ್ತದೆ; ಮಾಡಿನ ಮೇಲಿರುವುದು ಸಾವಿರಗಟ್ಟಲೆ ಕಿಲೋಗ್ರಾಂ. ಆ ಭಾರ ಪಕಾಸುಗಳ ಮೇಲೆ ಇಳಿದು, ಅವುಗಳ ಬುಡವನ್ನು ಹೊರಕ್ಕೆ ತಳ್ಳುತ್ತದೆ. ಕಾಲು ಅಗಲಿಸಿ ನಿಂತವನು ನುಣುಪು ನೆಲದ ಮೇಲೆ ಜಾರುವಂತೆಯೇ ಇದೂ. ಹಾಗೆ ಜಾರದಂತೆ ಹಿಡಿದಿರುವುದು ಅಡ್ಡತೊಲೆ. ಅದನ್ನು ಕೊಯ್ದ ದಿನ ಏನೂ ಆಗದಿರಬಹುದು. ಹಂಚು ಮಳೆಯಲ್ಲಿ ನೆನೆದು ತೂಕ ಏರುತ್ತದೆ, ಮಾಡಿನ ನೆತ್ತಿ ಕುಗ್ಗುತ್ತದೆ, ಗೋಡೆಯ ತಲೆ ಹೊರಕ್ಕೆ ವಾಲಿ ಮೂಲೆಗಳಲ್ಲಿ ಬಿರುಕು ಕಾಣುತ್ತದೆ. ಹಳೆಯ ಮನೆಗಳ ಮಣ್ಣುಗಾರೆಯ, ಸುಣ್ಣದ ಗಾರೆಯ ಗೋಡೆಗಳಿಗೆ ಈ ತಳ್ಳನ್ನು ತಡೆಯುವ ಶಕ್ತಿ ಕಡಿಮೆ. ಅಡ್ಡತೊಲೆಯನ್ನು ತೆಗೆಯಲೇಬಾರದೆಂದಲ್ಲ. ಅಟ್ಟದ ನೆಲದ ಮಟ್ಟದಲ್ಲಿ ಹೊಸ ತೊಲೆಗಳನ್ನು ಹಾಕಿ, ಪಕಾಸುಗಳ ಬುಡವನ್ನು ಅವುಗಳಿಗೆ ಬಿಗಿದು, ಆ ಹಿಡಿತ ಸಾಕೆಂದು ಇಂಜಿನಿಯರರು ಲೆಕ್ಕ ಹಾಕಿ ಹೇಳಿದ ಮೇಲೆ ತೆಗೆಯಬಹುದು. ಮೊದಲು ಹೊಸದು, ಅನಂತರ ಹಳೆಯದು. ಈ ಕ್ರಮ ಹಿಂದುಮುಂದಾಗಕೂಡದು.

ಹೊಸ ತೊಲೆಗಳು ಹೇಗೂ ಬೇಕು. ಹಳೆಯ ಜಂತೆಗಳನ್ನು ಇಟ್ಟವರು ಉಪ್ಪಿನಕಾಯಿ ಭರಣಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೇ ಹೊರತು ಮಂಚ, ಬೀರು, ಬಂದ ನೆಂಟರನ್ನಲ್ಲ. ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಹೊರುವಂತಿರಬೇಕೆಂಬುದು ಈಗಿನ ಇಂಜಿನಿಯರರು ಹಿಡಿಯುವ ಲೆಕ್ಕ. ಆ ಭಾರ ಗೋಡೆಗೆ ಇಳಿಯಬೇಕು, ಹಳೆಯ ಜಂತೆಗಲ್ಲ. ಮರಕ್ಕೆ ಗೆದ್ದಲು ಹಿಡಿದಿದೆಯೋ ಎಂದು ಗೋಡೆಯೊಳಗೆ ಹುದುಗಿದ ತುದಿಗಳಲ್ಲಿ ಚುಚ್ಚಿ ನೋಡಬೇಕು. ನಡುವೆ ಗಟ್ಟಿಯಾಗಿರುವ ತೊಲೆ ತುದಿಯಲ್ಲಿ ಪುಡಿಯಾಗಿರುವುದು ಅಪರೂಪವಲ್ಲ. ಇಲಿ ಕಡಿದ ಹಳೆಯ ವಿದ್ಯುತ್ ತಂತಿಯನ್ನಂತೂ ಪೂರ್ತಿ ಬದಲಾಯಿಸಲೇಬೇಕು.

ಬೇಸಗೆಯ ಮಧ್ಯಾಹ್ನದ ಮಾತು ಬೇರೆಯೇ. ಹಂಚಿಗೆ ತಾಗಿದಂತೆ ಹಲಗೆ ಹೊಡೆದರೆ ಕೋಣೆ ಒಲೆಯಾಗುತ್ತದೆ. ಹಂಚಿಗೂ ಒಳಮುಚ್ಚಿಗೆಗೂ ನಡುವೆ ಗಾಳಿಯಾಡುವ ಸಂದು ಬಿಟ್ಟು, ಸಂದಿಗೆ ಮುಖಮಾಡಿ ಅಲ್ಯೂಮಿನಿಯಂ ಹಾಳೆ ಹಾಸಿ, ಎದುರುಬದಿರಿನ ತ್ರಿಕೋನ ಗೋಡೆಗಳಲ್ಲಿ ಕಿಟಕಿಯಿಟ್ಟರೆ ತಕ್ಕಮಟ್ಟಿಗೆ ಸಹ್ಯ. ಗಾಜಿನ ಹಂಚನ್ನು ಉತ್ತರದ ಇಳಿಜಾರಿಗೆ ಹಾಕುವುದು ಜಾಣತನ. ಮುಚ್ಚಿಗೆಯನ್ನು ಬಿಚ್ಚಿ ಹಾಕುವಂಥ ತುಂಡುಗಳಾಗಿ ಮಾಡಿಸಬೇಕು, ಏಕೆಂದರೆ ಹಂಚು ಒಡೆಯುವ ಕೋತಿ ಯೋಜನೆಯಲ್ಲಿ ಭಾಗಿಯಲ್ಲ.

ಹಣವಿದ್ದವರಿಗೆ ಮತ್ತೊಂದು ದಾರಿಯುಂಟು. ಮಾಡನ್ನು ಇಳಿಸಿ, ಗೋಡೆಯನ್ನು 3 ಅಡಿ ಏರಿಸಿ, ಮತ್ತೆ ಮಾಡು ಕಟ್ಟಿದರೆ 7 ಅಡಿ ಎತ್ತರದ ಪಟ್ಟಿ 3 ಅಡಿಯಿಂದ 12 ಅಡಿಗೆ ಅಗಲವಾಗುತ್ತದೆ. ಆದರೆ ಅದು ಮನೆ ಬಿಚ್ಚುವ ಕೆಲಸ. ತಳಪಾಯದ ಪರೀಕ್ಷೆಯಾಗಬೇಕು, ನಗರಪಾಲಿಕೆಯ ಅನುಮತಿ ಪಡೆಯಬೇಕು. ಮದುವೆಯ ತಿಂಗಳಲ್ಲಿ ಕೈಹಾಕುವಂಥದಲ್ಲ.

ಮೂರನೆಯ ದಿನ ಯಜಮಾನರು ಕಾಗದವನ್ನು ಊಟದ ಮನೆಯಲ್ಲಿ ಹರಡುತ್ತಾರೆ. ಸೊಸೆಯನ್ನು ಅಟ್ಟಕ್ಕೆ ಕಳಿಸುವುದೆಂಬ ಮಾತಿಗೆ ಅವರ ತಾಯಿ ತಲೆಯೆತ್ತುತ್ತಾರೆ.

“ಮನೆಗೆ ಬಂದ ಹುಡುಗಿ ಮೊದಲ ದಿನವೇ ತಲೆ ಬಗ್ಗಿಸಿ ಓಡಾಡಬೇಕೇನೋ?”

“ಮತ್ತೆ ಯಾರು ಹೋಗುವುದಮ್ಮ? ನಿನ್ನಿಂದ ಮೆಟ್ಟಿಲು ಹತ್ತಲಾಗುವುದಿಲ್ಲ.”

ಉತ್ತರ ಕಾಲೇಜಿಗೆ ಹೋಗುವ ಮಗಳಿಂದ ಬರುತ್ತದೆ. “ನಾನು ಹೋಗುತ್ತೇನಪ್ಪ. ಓದುವಾಗ ಹೇಗೂ ಕೂತಿರುತ್ತೇನೆ.”

ಲೆಕ್ಕ ಅಲ್ಲಿಗೆ ಬೇರೆಯಾಗುತ್ತದೆ. ಅವಳಿಗೆ ಬೇಕಾದುದು ನೆಲದ ಮೇಲಿನ ಹಾಸಿಗೆ, ತಗ್ಗಾದ ಮೇಜು, ಕಿಟಕಿ. 4 ಅಡಿ ಎತ್ತರದ ಜಾಗ ಅವಳಿಗೆ ವ್ಯರ್ಥವಲ್ಲ. ಅವಳ ಕೋಣೆ ಅಣ್ಣ ಅತ್ತಿಗೆಗೆ ತೆರವಾಗುತ್ತದೆ. ಮೆಟ್ಟಿಲನ್ನು ನಡುಮನೆಗೆ ತರದೆ ಹಿತ್ತಲಿನ ಮೊಗಸಾಲೆಯಲ್ಲಿ ತಿರುಗಿಸಿ ಏರಿಸಬಹುದೇ ಎಂದು ಮನೆಯೊಡತಿ ಆಗಲೇ ಅಳತೆಪಟ್ಟಿ ಹುಡುಕುತ್ತಿದ್ದಾಳೆ. ಕೊಪ್ಪರಿಗೆಯೂ ಬೊಂಬೆಯ ಟ್ರಂಕೂ ಸೂರಿನ ಕಡೆಯ ಗಿಡ್ಡ ಬೀರುಗಳಿಗೆ ಸೇರಲಿವೆ. ಮುರಿದ ತೊಟ್ಟಿಲನ್ನು ಮಾತ್ರ ಕೆಳಗಿಳಿಸಿ, ಬಡಗಿಯ ಕೈಲಿ ಸರಿಮಾಡಿಸಬೇಕೆಂದು ಅಜ್ಜಿ ಹೇಳಿದ್ದಾರೆ.