21ರ ಹರೆಯದ ಕಿಟೆಲ್ ಇವತ್ತು ಚಂದ್ರಾ ಲೇಔಟ್‌ಗೆ ಬಂದರೆ?

ಚಂದ್ರಾ ಲೇಔಟ್‌ನ ನಮ್ಮ ಬೀದಿಯ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಸಂಜೆ ಫೋಟೋ ಬಿತ್ತು. ಬಿಳಿ ಅಂಗಿ, ಕಪ್ಪು ಪ್ಯಾಂಟು, ಬೆನ್ನಿಗೆ ಬ್ಯಾಗು. ಇಬ್ಬರು ಹುಡುಗರು ಯಾರದೋ ಗೇಟಿನ ಮುಂದೆ ನಿಂತಿದ್ದಾರೆ. ಕೆಳಗೆ, ‘ಮತಾಂತರದವರು ಓಡಾಡ್ತಿದ್ದಾರೆ, ಹುಷಾರು’ ಅಂತ ಬರಹ. ಹತ್ತೇ ನಿಮಿಷದಲ್ಲಿ ಪೊಲೀಸರಿಗೆ ಹೇಳೋಣ ಅನ್ನೋವರೆಗೂ ಮಾತು ಹೋಯಿತು. ಆಮೇಲೆ ಗೊತ್ತಾಯ್ತು, ಅವರು ವಾಟರ್ ಫಿಲ್ಟರ್ ಮಾರುವ ಹುಡುಗರು. ಯಾರೂ ಫೋಟೋ ಡಿಲೀಟ್ ಮಾಡಲಿಲ್ಲ. ನಾನೂ ಏನೂ ಬರೆಯದೆ ಸುಮ್ಮನಿದ್ದೆ, ಅದನ್ನೂ ಹೇಳಿಬಿಡ್ತೇನೆ.

ಇದೇ ಗ್ರೂಪಿನಲ್ಲಿ ರಾಜ್ಯೋತ್ಸವದ ದಿನ ಫರ್ಡಿನಾಂಡ್ ಕಿಟೆಲ್ ಅವರ ಚಿತ್ರವೂ ಬಂದಿತ್ತು, ಕೈಮುಗಿಯುವ ಇಮೋಜಿಗಳ ಸಮೇತ. ಅತ್ತಿಗುಪ್ಪೆಯಲ್ಲಿ ನೇರಳೆ ಮೆಟ್ರೋ ಹತ್ತಿ ಎಂ.ಜಿ. ರಸ್ತೆಯಲ್ಲಿ ಇಳಿದರೆ ಅವರ ಪ್ರತಿಮೆಯೂ ನೋಡಲು ಸಿಗುತ್ತೆ. ಅವರು ಇಲ್ಲಿಗೆ ಬಂದಿದ್ದು ಯಾವ ಕೆಲಸಕ್ಕೆ ಅನ್ನೋದನ್ನು ಮಾತ್ರ ಆ ಪೋಸ್ಟ್ ಹೇಳಿರಲಿಲ್ಲ.

1853ರಲ್ಲಿ ಬಾಸೆಲ್ ಮಿಷನ್ ಕಿಟೆಲ್‌ರನ್ನು ಕಳಿಸಿದಾಗ ಅವರಿಗೆ 21 ವರ್ಷ. ಬಂದದ್ದು ನಿಘಂಟು ಬರೆಯೋಕಲ್ಲ, ಸುವಾರ್ತೆ ಸಾರೋಕೆ. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿದ್ದು 41 ವರ್ಷಗಳ ನಂತರ, 1894ರಲ್ಲಿ. ಅವರಿಗಿಂತ ಮುಂಚೆ, 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಶುರು ಮಾಡಿದರು. ಕನ್ನಡದ ಮೊದಲ ಪತ್ರಿಕೆ. ಇಂಥ ಹುಡುಗರ ದಿನಚರಿ ನೋಡಿ: ಭಾಷೆ ಕಲಿಯೋದು, ಶಾಲೆ ನಡೆಸೋದು, ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಬೋಧಿಸೋದು, ಜನರ ಜೊತೆ ವಾದಕ್ಕೆ ಇಳಿಯೋದು, ಅಚ್ಚುಮೊಳೆ ಜೋಡಿಸೋದು. ಇದರಲ್ಲಿ ಕನ್ನಡದ ಕೆಲಸ ಎಲ್ಲಿ ಮುಗಿಯುತ್ತೆ, ಮತಪ್ರಚಾರ ಎಲ್ಲಿ ಶುರುವಾಗುತ್ತೆ? ಅವರಿಗೇ ಆ ಗೆರೆ ಇರಲಿಲ್ಲ. ನಾವು ಮಾತ್ರ ಗೆರೆ ಎಳೆದು, ಒಂದು ಅರ್ಧಕ್ಕೆ ಹಾರ ಹಾಕ್ತೇವೆ, ಇನ್ನೊಂದು ಅರ್ಧಕ್ಕೆ ಕೇಸು ಹಾಕ್ತೇವೆ.

ಕೇಸು ಅಂದೆನಲ್ಲ, ಕಾಯ್ದೆಯನ್ನೇ ಓದೋಣ. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ ‘ಆಮಿಷ’ ಅಂದರೆ ಬರೀ ದುಡ್ಡಲ್ಲ. ಉದ್ಯೋಗ ಕೊಡೋದು, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಕೊಡೋದು, ಉತ್ತಮ ಜೀವನದ ಮಾತಾಡೋದು, ಒಂದು ಧರ್ಮವನ್ನು ಇನ್ನೊಂದರ ಎದುರು ಹೊಗಳೋದು, ಎಲ್ಲವೂ ಅದರೊಳಗೆ ಬರುತ್ತೆ. ಮಂಗಳೂರಿನಲ್ಲಿ ಮತಾಂತರವಾದವರನ್ನು ಮನೆಯವರು, ಜಾತಿಯವರು ಹೊರಹಾಕಿದಾಗ ಹೊಟ್ಟೆಪಾಡಿಗೆ ನೇಯ್ಗೆ, ಹೆಂಚಿನ ಕೆಲಸ ಕೊಟ್ಟಿದ್ದು ಇದೇ ಮಿಷನ್. 1865ರಲ್ಲಿ ಅದರ ಹೆಂಚಿನ ಕಾರ್ಖಾನೆ ಶುರುವಾಯಿತು. ಇವತ್ತಿನ ವ್ಯಾಖ್ಯೆಯಲ್ಲಿಟ್ಟು ನೋಡಿದರೆ ಆ ಕೂಲಿಯೇ ಆಮಿಷ.

ಹಾಗಂತ ಆ ಕಾಲಕ್ಕೆ ಸುಣ್ಣಬಣ್ಣ ಬಳಿಯೋದು ಬೇಡ. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆದಿದ್ದರಿಂದಲೇ ಮರುವರ್ಷ ಬಾಸೆಲ್‌ನವರು ಮಂಗಳೂರಿಗೆ ಬಂದರು. ಬೆನ್ನ ಹಿಂದೆ ಸಾಮ್ರಾಜ್ಯ ಇತ್ತು. 1844ರಲ್ಲಿ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತರಾದಾಗ ಮಂಗಳೂರು ಕುದಿಯಿತು, ಆ ಸಿಟ್ಟಿಗೆ ಕಾರಣವೂ ಇತ್ತು. ಆದರೆ ಆ ಗಲಾಟೆಯಲ್ಲಿ ಕಳೆದುಹೋಗುವ ವಿಷಯ ಒಂದಿದೆ. ಕೌಂಡಿನ್ಯರಿಗೆ ಸ್ವಂತ ಬುದ್ಧಿ ಇತ್ತು. ಬಾಸೆಲ್‌ಗೆ ಹೋಗಿ ಓದಿ, ದೀಕ್ಷೆ ಪಡೆದು, ತಾವೇ ಮಿಷನರಿಯಾಗಿ ಊರಿಗೆ ಮರಳಿದರು.

ನಮ್ಮ ಕಾಯ್ದೆಗೆ ಈ ಸ್ವಂತ ಬುದ್ಧಿಯ ಮೇಲೇ ನಂಬಿಕೆ ಇಲ್ಲ. ಸಾಮಾನ್ಯ ಪ್ರಕರಣಕ್ಕೆ 3ರಿಂದ 5 ವರ್ಷ ಜೈಲು. ಮತಾಂತರವಾದವರು ಅಪ್ರಾಪ್ತರು, ಬುದ್ಧಿ ಸ್ವಾಧೀನದಲ್ಲಿಲ್ಲದವರು, ಮಹಿಳೆಯರು ಅಥವಾ ಎಸ್‌ಸಿ, ಎಸ್‌ಟಿ ಸಮುದಾಯದವರಾದರೆ 10 ವರ್ಷದವರೆಗೆ. ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಎಂಎ ಮಾಡಿದ ದಲಿತ ಹುಡುಗಿ ಮತ್ತು ಬುದ್ಧಿ ಸ್ವಾಧೀನದಲ್ಲಿಲ್ಲದವರು ಒಂದೇ ಸಾಲಿನಲ್ಲಿದ್ದಾರೆ. ದೂರು ಕೊಡೋಕೆ ಅವಳೇ ಬೇಕಿಲ್ಲ, ಸಂಬಂಧಿಕರು ಸಾಕು, ಸಹೋದ್ಯೋಗಿಯೂ ಸಾಕು.

‘ವಿದೇಶಿಯರು ಬಂದು ಮಾಡ್ತಾರೆ’ ಅನ್ನೋ ವಾದ ಈಗಲೂ ಚಾಲ್ತಿಯಲ್ಲಿದೆ. ಅದಕ್ಕೆ ವೀಸಾ ನಿಯಮಗಳೇ ಉತ್ತರ. ಮಿಷನರಿಗಳಿಗೆ ಬೇರೆಯದೇ ವೀಸಾ ಇದೆ. ಪ್ರವಾಸಿಯಾಗಿ ಬಂದವರು ಚರ್ಚಿಗೆ ಹೋಗಬಹುದು, ಪ್ರವಚನ ಕೇಳಬಹುದು, ಆದರೆ ಬೋಧಿಸುವಂತಿಲ್ಲ, ಕರಪತ್ರ ಹಂಚುವಂತಿಲ್ಲ. 2021ರ ಮಾರ್ಚ್‌ನಿಂದ ಒಸಿಐ ಕಾರ್ಡ್ ಇರುವವರೂ ಮಿಷನರಿ ಕೆಲಸಕ್ಕೆ ವಿಶೇಷ ಅನುಮತಿ ಪಡೆಯಬೇಕು. ಗಡಿಯೊಳಗೆ ಯಾರನ್ನು ಬಿಡಬೇಕು ಅನ್ನೋದು ದೇಶದ ಹಕ್ಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಒಳಗೆ ಬಂದವರ ವಿಷಯಕ್ಕೆ ಬಂದರೆ, ಸಂವಿಧಾನದ 25ನೇ ವಿಧಿ ಧರ್ಮ ಪ್ರಸಾರದ ಹಕ್ಕನ್ನು ‘ಎಲ್ಲ ವ್ಯಕ್ತಿಗಳಿಗೆ’ ಕೊಟ್ಟಿದೆ. 19ನೇ ವಿಧಿಯ ಹಾಗೆ ಬರೀ ನಾಗರಿಕರಿಗಲ್ಲ. ಪ್ರಸಾರದ ಹಕ್ಕು ಅಂದರೆ ಮತಾಂತರಿಸುವ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು, ನಿಜ. ಆದರೆ ಬಾಗಿಲು ತಟ್ಟಿ ಮಾತಾಡೋದು ಪ್ರಸಾರವೋ, ಆಮಿಷವೋ? ಅದನ್ನು ಕೋರ್ಟ್ ಹೇಳುವ ಮುಂಚೆ ನಮ್ಮ ಬೀದಿಯ ಗ್ರೂಪು ಹೇಳಿಬಿಡುತ್ತೆ. ಮತ್ತು ಆ ತೀರ್ಪು ಬೀಳೋದು ಜರ್ಮನಿಯವರ ಮೇಲಲ್ಲ, ಬಾಡಿಗೆ ಮನೆಯಲ್ಲಿ ಭಾನುವಾರ ಪ್ರಾರ್ಥನೆಗೆ ಕೂರುವ ಇಲ್ಲಿಯವರ ಮೇಲೆ, ಕೆಲವೊಮ್ಮೆ ಫಿಲ್ಟರ್ ಮಾರುವವರ ಮೇಲೆ.

2023ರ ಜೂನ್ 15ರಂದು ಸಿದ್ದರಾಮಯ್ಯ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಹೋಗಲ್ಲ. ವಿಧಾನಸಭೆ, ಪರಿಷತ್ತು ಎರಡರಲ್ಲೂ ಮಸೂದೆ ಪಾಸಾಗಬೇಕು, ಯಾರು ಯಾವ ಕಡೆ ಅಂತ ಕೈ ಎತ್ತಬೇಕು. ಮುಂದಿನ ರಾಜ್ಯೋತ್ಸವಕ್ಕೆ ಕಿಟೆಲ್ ಚಿತ್ರ ಬಂದಾಗ ನಾನು ಅದರ ಕೆಳಗೆ ‘ಇವರೂ ಮಿಷನರಿ’ ಅಂತ ಬರೆಯಬೇಕು ಅಂದುಕೊಂಡಿದ್ದೇನೆ. ಗ್ರೂಪಿನಿಂದ ತೆಗೆದರೂ ತೆಗೆಯಬಹುದು.