ಕತ್ತಲೆ ಕೋಣೆಗೆ ತಕ್ಕ ಎನ್‌ಲಾರ್ಜರ್

ಕೊಳ್ಳುವವನ ಕೈಯಲ್ಲಿ ಹಣವಿದ್ದರೆ ಸಾಲದು, ಅಳತೆಯ ಕೋಲೂ ಇರಬೇಕು. ಬಟ್ಟೆಗೂ ಬಾಗಿಲಿಗೂ ಸಲ್ಲುವ ಈ ಮಾತು ಛಾಯಾಚಿತ್ರದ ಎನ್‌ಲಾರ್ಜರಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಭಾರಿ ಯಂತ್ರವನ್ನು ಮನೆಗೆ ತಂದಮೇಲೆ ಅದರ ತಲೆ ಅಟ್ಟಕ್ಕೆ ತಗುಲಿತೆಂದೋ, ಪೆಟ್ಟಿಗೆಯಲ್ಲಿರುವ ಗಾಜಿನ ಫಲಕ ಅದರೊಳಗೆ ಹಿಡಿಯಲಿಲ್ಲವೆಂದೋ ಪೇಚಾಡುವುದಕ್ಕಿಂತ, ಕೊಳ್ಳುವ ಮುನ್ನ ಒಂದು ಸಂಜೆ ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳುವುದು ಲೇಸು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದು ಹಾಸನ ಜಿಲ್ಲೆಯ ಅದೇ ಹೆಸರಿನ ಪಟ್ಟಣವಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೋಬಳಿ ಕೇಂದ್ರ. ರಾಗಿಯ ಹೊಲ, ದ್ರಾಕ್ಷಿಯ ಚಪ್ಪರಗಳ ಸೀಮೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಇಲ್ಲಿಯ ನೆಲದ ಬೆಲೆಯೂ ಬದಲಾಯಿತು, ನೆಲದ ರೂಪವೂ ಬದಲಾಯಿತು. ಈ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆಂದು ಸ್ವಾಧೀನಪಡಿಸಿಕೊಳ್ಳುವ ಯೋಜನೆಯನ್ನು ವಿರೋಧಿಸಿ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. ಇಂಥ ಊರಿನಲ್ಲಿ ಹಳೆಯ ನೆಗೆಟಿವ್ ಬರಿಯ ಗೋಡೆಯ ಅಲಂಕಾರಕ್ಕೆ ಒದಗುವ ವಸ್ತುವಲ್ಲ. ಯಾವ ಬದುವಿನ ಮೇಲೆ ಯಾವ ಮರವಿತ್ತು, ಕೆರೆಯ ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು ಎಂಬುದಕ್ಕೆ ಅದೊಂದು ಸಾಕ್ಷಿ. ಆ ಸಾಕ್ಷಿಯನ್ನು ಮನೆಯವರೇ ಕಾಗದದ ಮೇಲೆ ಮೂಡಿಸಬೇಕೆಂದು ಹೊರಟರೆ ಎನ್‌ಲಾರ್ಜರಿನ ಆಯ್ಕೆ ಸಣ್ಣ ಸಂಗತಿಯಾಗಿ ಉಳಿಯುವುದಿಲ್ಲ.

ಮೊದಲು ನೆಗೆಟಿವಿನ ಅಳತೆ

ಅಂಗಡಿಯ ಕಡೆ ಹೊರಡುವ ಮೊದಲು ಪೆಟ್ಟಿಗೆಯನ್ನು ಬಿಚ್ಚಿ ಅಳೆಯಬೇಕು. ಈಗಿನ ದೊಡ್ಡ ಕ್ಯಾಮರಾಗಳ ಸಾಮಾನ್ಯ ಫಿಲ್ಮು 4×5 ಅಂಗುಲದ್ದು. ಹಳೆಯ ಸ್ಟುಡಿಯೋ ಫಲಕಗಳ ಲೆಕ್ಕವೇ ಬೇರೆ. ಕ್ವಾರ್ಟರ್ ಪ್ಲೇಟು 3¼×4¼ ಅಂಗುಲ, ಹಾಫ್ ಪ್ಲೇಟು 4¾×6½ ಅಂಗುಲ, ಫುಲ್ ಪ್ಲೇಟು 6½×8½ ಅಂಗುಲ. ಕ್ವಾರ್ಟರ್ ಪ್ಲೇಟು 4×5ರ ಯಂತ್ರದಲ್ಲಿ ಹಿಡಿಯುತ್ತದೆ, ಹಾಫ್ ಪ್ಲೇಟು ಹಿಡಿಯುವುದಿಲ್ಲ. ಅದಕ್ಕೆ 5×7ರ ಯಂತ್ರವೇ ಆಗಬೇಕು. ಫುಲ್ ಪ್ಲೇಟಿನ ಗೊಡವೆಗೆ ಮನೆಯ ಎನ್‌ಲಾರ್ಜರು ಹೋಗಬೇಕಾದದ್ದೇ ಇಲ್ಲ. ಒಂದು ಚೌಕಟ್ಟಿನಲ್ಲಿ ಫಲಕವನ್ನೂ ಕಾಗದವನ್ನೂ ಎದುರುಬದುರಾಗಿ ಒತ್ತಿ ಬೆಳಕು ತೋರಿಸಿದರೆ ಅದೇ ಅಳತೆಯ ಸ್ಫುಟವಾದ ಪ್ರತಿ ದೊರೆಯುತ್ತದೆ. ಹೀಗೆ ಪೆಟ್ಟಿಗೆಯಲ್ಲಿರುವುದೆಲ್ಲವೂ ಫುಲ್ ಪ್ಲೇಟುಗಳೇ ಆಗಿದ್ದರೆ, ಸಾವಿರಾರು ರೂಪಾಯಿ ಉಳಿದಂತೆಯೇ ಸರಿ.

ಮಸೂರ ಮತ್ತು ಸೂರು

ಪ್ರತಿ ಅಳತೆಯ ನೆಗೆಟಿವಿಗೂ ತಕ್ಕ ಮಸೂರವುಂಟು. 35 ಮಿ.ಮೀ. ಫಿಲ್ಮಿಗೆ 50 ಮಿ.ಮೀ., ಆರು ಸೆಂಟಿಮೀಟರ್ ಚೌಕದ ಫಿಲ್ಮಿಗೆ 75 ಅಥವಾ 80 ಮಿ.ಮೀ., 4×5ಕ್ಕೆ 135 ಅಥವಾ 150 ಮಿ.ಮೀ. ನಾಭಿದೂರದ್ದು ರೂಢಿ. ಸಣ್ಣ ಮಸೂರವನ್ನು ದೊಡ್ಡ ನೆಗೆಟಿವಿಗೆ ಹಚ್ಚಿದರೆ ನಡುವೆ ಬೆಳಕು, ನಾಲ್ಕು ಮೂಲೆಗಳಲ್ಲಿ ಕತ್ತಲೆ.

ಮಸೂರ ನಿಶ್ಚಯವಾದರೆ ಕೋಣೆಯ ಎತ್ತರದ ಲೆಕ್ಕವೂ ಸಿದ್ಧಿಸುತ್ತದೆ. ಎಷ್ಟು ಪಟ್ಟು ಹಿಗ್ಗಿಸಬೇಕೋ ಆ ಸಂಖ್ಯೆಗೆ ಎರಡನ್ನೂ, ಆ ಸಂಖ್ಯೆಯಿಂದ ಒಂದನ್ನು ಭಾಗಿಸಿದ ಫಲವನ್ನೂ ಕೂಡಿಸಿ, ಬಂದುದನ್ನು ನಾಭಿದೂರದಿಂದ ಗುಣಿಸಬೇಕು. ಅದೇ ನೆಗೆಟಿವಿನಿಂದ ಕಾಗದಕ್ಕೆ ಇರುವ ದೂರ. 4×5ರ ನೆಗೆಟಿವನ್ನು 12×15 ಅಂಗುಲಕ್ಕೆ, ಎಂದರೆ ಮೂರು ಪಟ್ಟು, 150 ಮಿ.ಮೀ. ಮಸೂರದಿಂದ ಹಿಗ್ಗಿಸಲು 80 ಸೆಂಟಿಮೀಟರ್ ಬೇಕು; 16×20ಕ್ಕೆ ಸುಮಾರು 94. ಮೇಜಿನ ಎತ್ತರ 75 ಎಂದೂ, ನೆಗೆಟಿವಿನ ಮೇಲಿನ ದೀಪದ ಗೂಡು 45 ಎಂದೂ ಹಿಡಿದರೆ, ಮೊತ್ತ 214 ಸೆಂಟಿಮೀಟರ್, ಎಂದರೆ ಏಳು ಅಡಿ. ನಮ್ಮ ಎಷ್ಟೋ ಮನೆಗಳ ಉಗ್ರಾಣದಲ್ಲಿ ಅಟ್ಟವಿರುವುದೂ ಆ ಎತ್ತರದಲ್ಲೇ! ಅದೇ ಕೆಲಸಕ್ಕೆ 135 ಮಿ.ಮೀ. ಮಸೂರ ಬಳಸಿದರೆ ಸುಮಾರು ಹತ್ತು ಸೆಂಟಿಮೀಟರ್ ಉಳಿಯುತ್ತದೆ. ಮೇಜನ್ನು ಗಿಡ್ಡವಾಗಿ ಮಾಡಿಸಿಕೊಂಡರೆ ಮತ್ತಷ್ಟು ಅನುಕೂಲ.

ದೀಪ, ಗಾಜು, ಕಂಬ

ದೀಪದ ಗೂಡಿನಲ್ಲಿ ಎರಡು ಮುಖ್ಯ ಪಂಗಡಗಳಿವೆ. ಕಂಡೆನ್ಸರ್ ಎಂಬ ದಪ್ಪ ಮಸೂರಗಳ ಮೂಲಕ ಬೆಳಕನ್ನು ಒಟ್ಟುಗೂಡಿಸಿ ಕಳುಹಿಸುವುದು ಒಂದು; ಹಾಲುಗಾಜಿನ ಮೂಲಕವೋ ಬಿಳಿಯ ಪೆಟ್ಟಿಗೆಯ ಮೂಲಕವೋ ಬೆಳಕನ್ನು ಚದುರಿಸಿ ಕಳುಹಿಸುವುದು ಇನ್ನೊಂದು. ಕಪ್ಪು ಬಿಳುಪಿನ ನೆಗೆಟಿವಿನ ಬೆಳ್ಳಿಯ ಕಣಗಳು ನೇರವಾದ ಬೆಳಕನ್ನು ಹೆಚ್ಚಾಗಿ ಚದುರಿಸುವುದರಿಂದ ಮೊದಲನೆಯ ಬಗೆಯಲ್ಲಿ ಕಪ್ಪು ಬಿಳುಪಿನ ಅಂತರ ಏರುತ್ತದೆ. ಜೊತೆಗೆ ಪ್ರತಿಯೊಂದು ಗೀರೂ ಧೂಳಿನ ಕಣವೂ ಎದ್ದು ಕಾಣುತ್ತದೆ. ಎರಡನೆಯದು ಈ ದೋಷಗಳನ್ನು ಬಹುಮಟ್ಟಿಗೆ ಮರೆಸುತ್ತದೆ. ಹಳೆಯ, ಗೀರು ಬಿದ್ದ ಫಲಕಗಳಿರುವ ಮನೆಗೆ ಚದುರಿದ ಬೆಳಕೇ ಹಿತ.

ದೀಪದ ಕಾವು ಇನ್ನೊಂದು ಶತ್ರು. ಕಾವಿಗೆ ದೊಡ್ಡ ಫಿಲ್ಮು ನಡುವೆ ಉಬ್ಬುತ್ತದೆ. ಉಬ್ಬಿದೊಡನೆ ಸ್ಫುಟತೆ ಕೆಡುತ್ತದೆ. ಆದ್ದರಿಂದ 4×5ಕ್ಕೆ ಎರಡು ಗಾಜುಗಳ ನಡುವೆ ಫಿಲ್ಮನ್ನು ಹಿಡಿಯುವ ಚೌಕಟ್ಟು ಉತ್ತಮ. ಆದರೆ ಎರಡು ಗಾಜಿಗೆ ನಾಲ್ಕು ಮುಖ, ಫಿಲ್ಮಿಗೆ ಎರಡು. ಒಟ್ಟು ಆರು ಮುಖಗಳ ಧೂಳನ್ನು ಒರೆಸುವ ತಾಳ್ಮೆ ಬೇಕು. ಸಾಧಾರಣ ಗಾಜಾದರೆ ಕೆಲವೊಮ್ಮೆ ಕಾಮನಬಿಲ್ಲಿನಂಥ ಉಂಗುರಗಳೂ ಮೂಡುತ್ತವೆ. ಮೇಲಿನ ಗಾಜು ತುಸು ಒರಟಾಗಿದ್ದರೆ ಆ ತೊಂದರೆ ತಪ್ಪುತ್ತದೆ.

ಇವೆಲ್ಲಕ್ಕೂ ಮಿಗಿಲಾದದ್ದು ಕಂಬದ ದೃಢತೆ. ನೆಗೆಟಿವ್, ಮಸೂರ, ಕಾಗದ ಈ ಮೂರೂ ಪರಸ್ಪರ ಸಮಾಂತರವಾಗಿರಬೇಕು. ಗಾರೆಯವರು ಬಳಸುವ ಪುಟ್ಟ ರಸಮಟ್ಟವನ್ನು ಮೂರು ಕಡೆಯೂ ಇಟ್ಟು ನೋಡಿದರೆ ಅರ್ಧ ಪರೀಕ್ಷೆ ಮುಗಿದಂತೆ. ಕಂಬದ ತುದಿಯನ್ನು ಗೋಡೆಗೆ ಬಿಗಿದರೆ ಬೀದಿಯಲ್ಲಿ ಲಾರಿ ಹೋದಾಗಲೂ ಚಿತ್ರ ಅಲುಗುವುದಿಲ್ಲ.

ಹೊಸದೋ ಹಳೆಯದೋ?

ಹೆಸರಾಂತ ದೊಡ್ಡ ಎನ್‌ಲಾರ್ಜರುಗಳ ಪೈಕಿ ಬಹುತೇಕ ಈಗ ಸಿಗುವುದು ಬಳಸಿದ ಮಾಲಾಗಿಯೇ. ಅಮೆರಿಕದ ಒಮೆಗಾ ಡಿ2, ಬೆಸೆಲರ್ 45, ಇಟಲಿಯ ಡರ್ಸ್ಟ್ ಎಲ್1200, ಇಂಗ್ಲೆಂಡಿನ ಡಿವೀರ್ 504 ಇವು 4×5ರವರೆಗೆ ದುಡಿಯುವಂಥವು. ಡರ್ಸ್ಟ್ 138 ಮಾತ್ರ 13×18 ಸೆಂಟಿಮೀಟರಿನವರೆಗೆ ಹಿಡಿಯುವುದರಿಂದ ಹಾಫ್ ಪ್ಲೇಟಿಗೂ ಒದಗುತ್ತದೆ. ಆದರೆ ಅದರ ಗಾತ್ರ ಪುಟ್ಟ ಕೋಣೆಗೆ ಅತಿಥಿಯಂತಲ್ಲ, ಒಡೆಯನಂತೆ. ಇಂಗ್ಲೆಂಡಿನ ಇಂಟ್ರೆಪಿಡ್ ಸಂಸ್ಥೆ, 4×5ರ ಕ್ಯಾಮರಾವನ್ನೇ ಎನ್‌ಲಾರ್ಜರಾಗಿಸುವ ಎಲ್‌ಇಡಿ ದೀಪದ ಹಗುರವಾದ ಸಾಧನವೊಂದನ್ನು ಹೊರತಂದಿದೆ. ಸ್ಥಳ ತೀರ ಕಡಮೆಯಿದ್ದವರು ಅದನ್ನೂ ಯೋಚಿಸಬಹುದು.

ಹಳೆಯ ಯಂತ್ರ ಕೊಳ್ಳುವಾಗ ನಾಲ್ಕನ್ನು ನೋಡಬೇಕು: ಮಸೂರದೊಳಗೆ ಬೂಷ್ಟು ಹಿಡಿದಿದೆಯೆ, ಚರ್ಮದ ತಿದಿಯಲ್ಲಿ ತೂತುಗಳಿವೆಯೆ, ಬೇಕಾದ ಅಳತೆಯ ನೆಗೆಟಿವ್ ಚೌಕಟ್ಟು ಜೊತೆಗಿದೆಯೆ, ದೀಪ ಈಗಲೂ ಅಂಗಡಿಯಲ್ಲಿ ದೊರೆಯುವಂಥದೆ? ಕೊನೆಯ ಎರಡನ್ನು ಮರೆತವರ ಯಂತ್ರಗಳು ಮೂಲೆ ಸೇರಿರುವುದೇ ಹೆಚ್ಚು.

ವಿದ್ಯುತ್ತೂ ನೀರೂ

ಗ್ರಾಮಾಂತರದ ವಿದ್ಯುತ್ತು ಏರಿಳಿಯುತ್ತದೆಂಬುದು ಯಾರಿಗೂ ಹೊಸತಲ್ಲ. ಬುರುಡೆ ದೀಪವಾದರೆ 230 ವೋಲ್ಟು 207ಕ್ಕೆ, ಎಂದರೆ ಹತ್ತರಲ್ಲೊಂದು ಪಾಲು, ಇಳಿದಾಗ ಬೆಳಕು ಮಾತ್ರ ನೂರಕ್ಕೆ ಸುಮಾರು ಮೂವತ್ತು ಪಾಲು ಕುಗ್ಗುತ್ತದೆ. ಈಗ ಇಪ್ಪತ್ತು ಸೆಕೆಂಡಿಗೆ ಸರಿಬಂದ ಚಿತ್ರ ಅರ್ಧ ಗಂಟೆಯ ಮೇಲೆ ಅದೇ ಇಪ್ಪತ್ತಕ್ಕೆ ಪೇಲವವಾಗುವುದು ಇದರಿಂದಲೇ. ಸ್ಟೆಬಿಲೈಸರಿನ ಬೆಲೆಯನ್ನು ಎನ್‌ಲಾರ್ಜರಿನ ಬೆಲೆಯೊಡನೆಯೇ ಕೂಡಿಸಿಕೊಳ್ಳಬೇಕು.

ಕೋಣೆ ಆರಡಿ ಎಂಟಡಿ ಇದ್ದರೂ ಸಾಕು. ಒಂದು ಗೋಡೆ ಒಣ ಕೆಲಸಕ್ಕೆ, ಎದುರಿನದು ಒದ್ದೆ ಕೆಲಸಕ್ಕೆ. ದ್ರಾವಣ ತುಂಬಿದ ತಟ್ಟೆಗಳೂ ವಿದ್ಯುತ್ತಿನ ತಂತಿಯೂ ಒಂದೇ ಮೇಜನ್ನು ಹಂಚಿಕೊಳ್ಳುವುದು ಅಪಾಯಕರ. ಬೋರ್‌ವೆಲ್ಲಿನ ಗಡಸು ನೀರು ಒಣಗಿದಾಗ ಬಿಳಿಯ ಕಲೆ ಉಳಿಸುವುದರಿಂದ, ಕಡೆಯ ತೊಳೆತಕ್ಕೆ ಮಳೆಯ ನೀರನ್ನು ಸೋಸಿ ಇಟ್ಟುಕೊಂಡರೆ ಒಳ್ಳೆಯದು.

ಕೊನೆಯದಾಗಿ ಒಂದು ಎಚ್ಚರಿಕೆ. ಗಾಜಿನ ಫಲಕ ಒಡೆದರೆ ಅದಕ್ಕೆ ಪ್ರತಿಯಿಲ್ಲ. ಯಾವ ಯಂತ್ರ ಬರಲಿ ಬಿಡಲಿ, ಪ್ರತಿಯೊಂದು ಫಲಕಕ್ಕೂ ಮೊದಲು ಒಂದು ಒತ್ತುಪ್ರತಿಯನ್ನೋ ಸ್ಕ್ಯಾನರಿನ ಪ್ರತಿಯನ್ನೋ ಮಾಡಿಟ್ಟು, ಹಿಂಬದಿಯಲ್ಲಿ ಊರು, ಹೊಲ, ನಿಂತವರ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಬೇಕು. ಎನ್‌ಲಾರ್ಜರನ್ನು ಮುಂದಿನ ವರ್ಷವೂ ಕೊಳ್ಳಬಹುದು. ಹೆಸರು ಹೇಳಬಲ್ಲವರು ಮುಂದಿನ ವರ್ಷ ಇರುತ್ತಾರೆಂಬ ಭರವಸೆ ಯಾರಿಗೂ ಇಲ್ಲ.