ಕೊಚ್ಚಿಯಲ್ಲಿ ಒಂದು ಶನಿವಾರ

ಕಚೇರಿಯ ಕೆಲಸದ ಮೇಲೆ ಪರಸ್ಥಳಕ್ಕೆ ಹೋಗುವವನಿಗೆ ಕಾಣುವುದು ರೈಲ್ವೆ ನಿಲ್ದಾಣ, ಹೋಟೆಲಿನ ಕೋಣೆ, ತನ್ನ ಊರಿನವುಗಳಂತೆಯೇ ಧೂಳು ಹಿಡಿದ ಕಡತಗಳು. ಲೆಕ್ಕ ತಪಾಸಣೆಗೆಂದು ಬೆಂಗಳೂರಿನಿಂದ ಎರ್ನಾಕುಲಕ್ಕೆ ಬಂದವನ ಪಾಡೂ ಇಷ್ಟೇ. ಆದರೆ ಕೆಲಸ ಶುಕ್ರವಾರ ಸಂಜೆಗೆ ಮುಗಿದು, ಮರಳುವ ಗಾಡಿ ಶನಿವಾರ ರಾತ್ರಿಗಿದ್ದರೆ, ನಡುವಣ ಹಗಲೆಲ್ಲ ಅವನದೇ. ದೋಣಿಯಲ್ಲಿ ಹಿನ್ನೀರನ್ನು ದಾಟಿ ಫೋರ್ಟ್ ಕೊಚ್ಚಿಯಲ್ಲಿ ಇಳಿದ ಮೇಲೆ ವಾಹನದ ಹಂಗಿಲ್ಲ, ಕಾಲುಗಳೇ ಸಾಕು.

ಅಳಿವೆಯ ಬಾಯಿಯಲ್ಲಿ ಚೀನೀ ಬಲೆಗಳು ಸಾಲಾಗಿ ನಿಂತಿವೆ. ಉದ್ದನೆಯ ಮರದ ತೊಲೆಗಳು, ಅವುಗಳ ತುದಿಗೆ ಜೋಳಿಗೆಯಂಥ ಬಲೆ, ಹಿಂಬದಿಯಲ್ಲಿ ಹಗ್ಗಗಳಿಗೆ ಬಿಗಿದ ದೊಡ್ಡ ಕಲ್ಲುಗಳು. ಬಲೆ ನೀರಿಗಿಳಿದಂತೆ ಕಲ್ಲುಗಳು ಒಂದೊಂದಾಗಿ ಮೇಲೇರುತ್ತವೆ. ನಾಲ್ಕಾರು ಮಂದಿ ಹಗ್ಗ ಜಗ್ಗಿದೊಡನೆ ಅದೇ ಕಲ್ಲುಗಳು ಇಳಿದು ಬಲೆಯನ್ನೆತ್ತುತ್ತವೆ. ಪ್ರವಾಸಿಗನನ್ನೂ ಹಗ್ಗಕ್ಕೆ ಕೈಹಚ್ಚೆಂದು ಕರೆಯುವುದುಂಟು. ಕೊನೆಯಲ್ಲಿ ಕೈ ಚಾಚುವುದೂ ಉಂಟು. ಅದಕ್ಕೆ ಮುನಿಯಬೇಕಾದುದಿಲ್ಲ. ಎಷ್ಟೋ ಸಲ ಬಲೆಯೊಳಗೆ ಬರುವುದು ಮೀನಿಗಿಂತ ಹೆಚ್ಚಾಗಿ ಅಂತರಗಂಗೆ.

ಸ್ವಲ್ಪ ದೂರದಲ್ಲಿ ಸಂತ ಫ್ರಾನ್ಸಿಸರ ಇಗರ್ಜಿ. 1524ರಲ್ಲಿ ಕೊಚ್ಚಿಯಲ್ಲಿ ಮಡಿದ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದುದು ಇಲ್ಲಿಯೇ; ಮುಂದೆ ಅಸ್ಥಿಗಳನ್ನು ಪೋರ್ಚುಗಲ್ಲಿಗೆ ಒಯ್ದರು. 1663ರಲ್ಲಿ ಡಚ್ಚರು, 1795ರಲ್ಲಿ ಇಂಗ್ಲಿಷರು ಊರನ್ನು ಹಿಡಿದಂತೆಲ್ಲ ಇಗರ್ಜಿಯ ಪಂಗಡವೂ ಬದಲಾಯಿತು. ಆಳು ಎಳೆಯುತ್ತಿದ್ದ ಬಟ್ಟೆಯ ಪಂಖಗಳು ಮಾತ್ರ ತೊಲೆಗಳಿಂದ ಹಾಗೆಯೇ ತೂಗುತ್ತಿವೆ.

ಅಲ್ಲಿಂದ ಬಜಾರು ರಸ್ತೆ ಹಿಡಿದು ಮಟ್ಟಾಂಚೇರಿಗೆ ನಡೆಯುವಾಗ ಮೆಣಸು, ಶುಂಠಿಗಳ ಘಾಟು ಮೂಗಿಗೆ ಬಡಿಯುತ್ತದೆ. ಹಳೆಯ ಮಳಿಗೆಗಳಲ್ಲಿ ಕೆಲವು ಈಗ ಕಾಫಿಯ ಅಂಗಡಿಗಳಾಗಿವೆ. ನಡುವೆ ಕೊಂಕಣಿಯ ಮಾತು ಕಿವಿಗೆ ಬಿದ್ದರೆ ಮಂಗಳೂರಿನವನು ತಟ್ಟನೆ ನಿಲ್ಲಬಹುದು; ಗೌಡ ಸಾರಸ್ವತರು ಇಲ್ಲಿಯ ಹಳೆಯ ನಿವಾಸಿಗಳು.

ಅರಮನೆಯ ರಾಮಾಯಣ ಚಿತ್ರಗಳನ್ನು ನೋಡಿ ಯೆಹೂದ್ಯರ ಬೀದಿಗೆ ಬಂದರೆ, 1568ರ ಪರದೇಶಿ ಸಿನಗಾಗಿನ ಬಾಗಿಲು ಮುಚ್ಚಿದೆ! ಶನಿವಾರ ಯೆಹೂದ್ಯರ ವಿಶ್ರಾಂತಿಯ ದಿನವೆಂಬುದನ್ನು ಲೆಕ್ಕದ ಮನುಷ್ಯ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಚೀನದಿಂದ ತರಿಸಿದ ನೀಲಿ ಚಿತ್ತಾರದ ನೆಲಹಂಚುಗಳು ಒಳಗೇ ಉಳಿದವು. 1968ರಲ್ಲಿ ಇಂದಿರಾ ಗಾಂಧಿಯವರು ಬಂದು ಇದರ ನಾನೂರನೆಯ ವರ್ಷದ ಉತ್ಸವದಲ್ಲಿ ಭಾಗವಹಿಸಿದಾಗ ಬೀದಿಯಲ್ಲಿ ಇನ್ನೂ ಸಂಸಾರಗಳಿದ್ದವು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದಂದಿನಿಂದ ಮೊದಲಾದ ವಲಸೆ ನಿಲ್ಲಲಿಲ್ಲ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಕೂಡಬೇಕೆಂಬುದು ಸಂಪ್ರದಾಯ. ಅಷ್ಟು ಮಂದಿ ಈ ಬೀದಿಯವರೇ ಸೇರುವುದು ತಪ್ಪಿ ಬಹುಕಾಲವಾಯಿತು. ಕೂಡುವವರು ಹೋದರು, ಬಾಗಿಲು ಮಾತ್ರ ಶನಿವಾರವನ್ನು ಪಾಲಿಸುತ್ತಿದೆ.

ಪಕ್ಕದ ಗಡಿಯಾರದ ಗೋಪುರವನ್ನು ಅವನು ಬಹಳ ಹೊತ್ತು ನೋಡುತ್ತ ನಿಲ್ಲುತ್ತಾನೆ. ಸಿನಗಾಗಿನತ್ತ ಮುಖಮಾಡಿದ ಫಲಕದಲ್ಲಿ ಹೀಬ್ರೂ ಅಂಕಿಗಳಿವೆ. ಓದಲು ಬರುವುದಿಲ್ಲ. ಕೈಗಡಿಯಾರವನ್ನು ನೋಡಿಕೊಂಡು, ಮನೆಗೆಂದು ಕಾಲು ಸೇರು ಕರಿಮೆಣಸು ಕಟ್ಟಿಸಿಕೊಂಡು, ದೋಣಿಕಟ್ಟೆಯ ಕಡೆಗೆ ಹೊರಡುತ್ತಾನೆ.